ಚಿತ್ರ ಬಿಡಿಸುವುದು ನಿಲ್ಲಿಸಿದರೆ ಮಾರ್ಕ್ಸ್ ಜಾಸ್ತಿ ಬರುತ್ತಾ?

ಹಾಸನದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗ ಏಳನೇ ಕ್ಲಾಸ್. ರಟ್ಟು, ದಾರ, ಸೈಕಲ್ ಕಡ್ಡಿ, ಕೈಗೆ ಏನು ಸಿಕ್ಕಿದರೂ ಏನಾದರೊಂದು ಮಾಡುತ್ತಿರುತ್ತಾನೆ. ಹಳೇಬೀಡಿಗೆ ಹೋಗಿ ಬಂದ ಮೇಲಂತೂ ದೇವಸ್ಥಾನದ ಗೋಡೆಯ ಕೆಳಗಿನ ಆನೆ ಸಾಲನ್ನು, ಒಂದೊಂದು ಆನೆಯ ಸೊಂಡಿಲೂ ಬೇರೆ ಥರ ಬರುವ ಹಾಗೆ, ನೋಟ್ ಬುಕ್ಕಿನ ಹಿಂದಿನ ಹಾಳೆಗಳ ತುಂಬ ಬಿಡಿಸಿದ್ದಾನೆ. ಆದರೆ ಮಾರ್ಕ್ಸ್ ಅರವತ್ತು ದಾಟುತ್ತಿಲ್ಲ. ಇದನ್ನೆಲ್ಲ ನಿಲ್ಲಿಸಿ ಟ್ಯೂಷನ್‌ಗೆ ಹಾಕಿ ಅಂತ ಶಾಲೆಯಲ್ಲಿ ಹೇಳಿದರು. ಅವರಪ್ಪನೂ ಅದೇ ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇಂಥ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರಾ?

ಆಲೂರು ಟೀಚರ್:
ದಯವಿಟ್ಟು ನಿಲ್ಲಿಸಬೇಡಿ ಮೇಡಂ. ಗೆಟ್ಜೆಲ್ಸ್ ಮತ್ತು ಜಾಕ್ಸನ್ ಅಂತ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಇದನ್ನೇ ನೋಡಿದ್ದರು, 1962ರಲ್ಲಿ ಪ್ರಕಟವಾಯಿತು. ಐಕ್ಯೂ ಜಾಸ್ತಿ ಇದ್ದ ಮಕ್ಕಳದು ಒಂದು ಗುಂಪು, ಸೃಜನಶೀಲತೆ ಜಾಸ್ತಿ ಇದ್ದವರದು ಇನ್ನೊಂದು. ಎರಡನೇ ಗುಂಪಿನ ಸರಾಸರಿ ಐಕ್ಯೂ 23 ಅಂಕ ಕಡಿಮೆ ಇತ್ತು, ಆದರೂ ಓದಿನಲ್ಲಿ ಇಬ್ಬರೂ ಸಮ. ಮೇಷ್ಟ್ರುಗಳಿಗೆ ಮಾತ್ರ ಮೊದಲನೇ ಗುಂಪೇ ಇಷ್ಟ! ನಾನೂ ಟೀಚರ್, ಇದು ನಿಜ ಅನ್ನುವುದು ನನಗೆ ಗೊತ್ತು. 25 × 16 ಕೊಟ್ಟರೆ ಕೆಲವು ಮಕ್ಕಳು 25 ನಾಲ್ಕಲೆ ನೂರು, ನೂರು ನಾಲ್ಕಲೆ ನಾನೂರು ಅಂತ ಬಾಯಲ್ಲೇ ಹೇಳಿಬಿಡುತ್ತಾರೆ. ಹಂತ ಬರೆದಿಲ್ಲ ಅಂತ ಮಾರ್ಕ್ಸ್ ಕತ್ತರಿಸುವವರು ನಾವೇ.

ಮೂಡಿಗೆರೆಯಿಂದ:
ಟೀಚರ್ ಹೇಳಿದ್ದು ಸರಿ, ಆದರೆ ಆಮೇಲೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಎಷ್ಟು ಅಂತಲೇ ಕೇಳುವುದು, ಆನೆ ಚೆನ್ನಾಗಿ ಬಿಡಿಸುತ್ತೀಯಾ ಅಂತ ಯಾರೂ ಕೇಳಲ್ಲ. ಚಿತ್ರ ಬಿಡಿಸಲಿ, ಜೊತೆಗೆ ದಿನಾ ಕೂತು ಬರೆಯುವ ಅಭ್ಯಾಸವೂ ಆಗಲಿ. ಸುಮ್ನೆ ಬುದ್ಧಿವಂತ ಅಂತ ಬಿಟ್ಟರೆ ಆಗಲ್ಲ.

ಆಲೂರು ಟೀಚರ್:
ಒಪ್ಪುತ್ತೇನೆ ಸರ್. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2017ರ ಲೆಕ್ಕದಲ್ಲೂ ಸೃಜನಶೀಲತೆಗೂ ಓದಿನ ಸಾಧನೆಗೂ ಇರುವ ನಂಟು 0.22 ಅಷ್ಟೇ (ಏನೂ ನಂಟಿಲ್ಲದಿದ್ದರೆ 0, ಪೂರ್ತಿ ನಂಟಿದ್ದರೆ 1). ಸೃಜನಶೀಲತೆ ಇದೆ ಅಂತ ಮಾರ್ಕ್ಸ್ ತಾನಾಗೇ ಬರಲ್ಲ. ಆದರೆ ಅದು ಮಾರ್ಕ್ಸ್‌ಗೆ ಅಡ್ಡ ಬರುತ್ತೆ ಅನ್ನುವುದಕ್ಕೂ ಆಧಾರ ಇಲ್ಲ ಅಲ್ವಾ? ಬೇರೆ ಬೇರೆ ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ ಪಿಸಾ ಪರೀಕ್ಷೆಯಲ್ಲಿ 2022ರಲ್ಲಿ ಗಣಿತದಲ್ಲಿ ಮೊದಲು ಬಂದ ಸಿಂಗಾಪುರದ ಮಕ್ಕಳೇ ಸೃಜನಶೀಲ ಚಿಂತನೆಯಲ್ಲೂ ಮೊದಲು ಬಂದರು.
ಮೇಡಂ, ಮೊದಲು ಉತ್ತರ ಪತ್ರಿಕೆ ತರಿಸಿ ನೋಡಿ. ಮಾರ್ಕ್ಸ್ ಎಲ್ಲಿ ಹೋಗುತ್ತಿದೆ ಅಂತ ತಿಳಿಯದೆ ಟ್ಯೂಷನ್‌ಗೆ ಹಾಕಿದರೆ ದುಡ್ಡು ದಂಡ. ಪ್ರತಿಭಾ ಕಾರಂಜಿಗೂ ಹೆಸರು ಕೊಡಿಸಿ.

ಹಾಸನದ ಅಮ್ಮ:
ವಿಜ್ಞಾನದ ಪೇಪರ್ ನೋಡಿದೆ. ಹೃದಯದ ಚಿತ್ರ ಬಹಳ ಚೆನ್ನಾಗಿ ಬಿಡಿಸಿದ್ದಾನೆ, ಭಾಗಗಳ ಹೆಸರೇ ಬರೆದಿಲ್ಲ. ‘ವಿವರಿಸಿ’ ಅಂದಿರುವ ಕಡೆಯೆಲ್ಲ ಒಂದೊಂದೇ ಸಾಲು. ಗೊತ್ತಿಲ್ಲ ಅಂತಲ್ಲ, ಕೇಳಿದರೆ ಎಲ್ಲ ಹೇಳುತ್ತಾನೆ. ಟ್ಯೂಷನ್ ಬೇಡ ಅಂತ ಅವರಪ್ಪನಿಗೆ ಹೇಳಿದ್ದೇನೆ, ಸಂಜೆ ನಾನೇ ಕೂರಿಸಿಕೊಂಡು ಬರೆಸುತ್ತೇನೆ.