‘ಏಳು ಕೆರೆ ನೀರು ಕುಡಿದವರು’ ಅಂದರೆ ಹೊಗಳಿಕೆಯೇ?

ಗೆಳೆಯರೇ,

ಗ್ರೀಸಿನ ಫುಟ್‌ಬಾಲ್ ಕೋಚ್ ಅಲ್ಕೆಟಾಸ್ ಪನಗುಲಿಯಾಸ್ ಬಗ್ಗೆ ಪುಟ್ಟ ಬರಹವೊಂದನ್ನು ಬರೆಯುತ್ತಿದ್ದೇನೆ. ಅವರನ್ನು ‘ಏಳು ಕೆರೆ ನೀರು ಕುಡಿದವರು’ ಅನ್ನಬಹುದೇ? ನಾನು ಕೇಳಿದಂತೆ ಈ ಮಾತಿನಲ್ಲಿ ‘ಅನುಭವಸ್ಥ’ ಅನ್ನುವುದಕ್ಕಿಂತ ‘ಕಿಲಾಡಿ ಆಸಾಮಿ’ ಅನ್ನುವ ಅರ್ಥವೇ ಜಾಸ್ತಿ.

ಸುತ್ತಿದ್ದಂತೂ ನಿಜ. ಥೆಸಲೊನಿಕಿಯ ಆರಿಸ್ ಕ್ಲಬ್ಬಿಗೆ ಆಡಿ, ಆಮೇಲೆ ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನ ಗ್ರೀಕ್ ವಲಸಿಗರ ತಂಡಕ್ಕೆ 1967ರಿಂದ ಸತತ ಮೂರು ಸಲ ಯುಎಸ್ ಓಪನ್ ಕಪ್ (ಟೆನಿಸ್ ಅಲ್ಲ, ಅಲ್ಲಿನ ಫುಟ್‌ಬಾಲ್ ಟೂರ್ನಿ) ಗೆಲ್ಲಿಸಿಕೊಟ್ಟರು. ಊರಿಗೆ ಮರಳಿ ಗ್ರೀಸ್ ತಂಡವನ್ನು 1980ರ ಯೂರೋ ಕಪ್ಪಿಗೆ ಮುಟ್ಟಿಸಿದರು. ಆ ದೇಶ ದೊಡ್ಡ ಟೂರ್ನಿಯೊಂದನ್ನು ಆಡಿದ್ದು ಅದೇ ಮೊದಲು. ನಂತರ ಅಲ್ಲಿನ ಒಲಿಂಪಿಯಾಕೋಸ್ ಕ್ಲಬ್ಬಿಗೆ ಲೀಗ್ ಪ್ರಶಸ್ತಿ. 1983ರಲ್ಲಿ ಮತ್ತೆ ಅಮೆರಿಕ, ಈ ಸಲ ಅಲ್ಲಿನ ರಾಷ್ಟ್ರೀಯ ತಂಡಕ್ಕೆ.

ಎರಡನೇ ತೊಡಕು ಇಲ್ಲಿದೆ: ಅವರ ಕೆಲಸವನ್ನು ಕನ್ನಡದಲ್ಲಿ ಏನನ್ನುವುದು? ಆ ವರ್ಷ ಅಮೆರಿಕದವರು ರಾಷ್ಟ್ರೀಯ ತಂಡವನ್ನೇ ‘ಟೀಮ್ ಅಮೆರಿಕ’ ಎಂಬ ಹೆಸರಿನಲ್ಲಿ ಕ್ಲಬ್ಬುಗಳ ಲೀಗಿಗೆ ಇಳಿಸಿದ್ದರು. ತಮ್ಮ ಕ್ಲಬ್ ಬಿಟ್ಟು ಇದಕ್ಕೆ ಬರಲು ಹಲವು ಆಟಗಾರರು ಒಪ್ಪಲೇ ಇಲ್ಲ. ತಂಡ ಕೊನೆಯ ಸ್ಥಾನಕ್ಕೆ ಬಿತ್ತು, ಒಂದೇ ಸೀಸನ್ನಿಗೆ ಬಾಗಿಲು ಹಾಕಿತು. ಆಟ ಕಲಿಸುವುದಕ್ಕೂ ಮೊದಲು ಆಟಗಾರರನ್ನು ಹೊಂದಿಸಿಕೊಳ್ಳಬೇಕಾದ ಇಂಥ ಕೆಲಸಕ್ಕೆ ‘ತರಬೇತುದಾರ’ ಸಾಲದು. ‘ಮ್ಯಾನೇಜರ್’ ಅಂದರೆ ಕ್ರಿಕೆಟ್ ನೋಡಿ ಬೆಳೆದ ನಮಗೆ ತಂಡದ ಹೋಟೆಲ್ ರೂಮು, ಬಸ್ಸು ನೋಡಿಕೊಳ್ಳುವವರು, ಅಲ್ವಾ? ‘ವ್ಯವಸ್ಥಾಪಕ’ರಂತೂ ಬ್ಯಾಂಕಿನಲ್ಲೇ ಇರಲಿ. ಸದ್ಯಕ್ಕೆ ‘ಕೋಚ್’ ಅಂತಲೇ ಬರೆದಿದ್ದೇನೆ.

ಮೊದಲ ಪ್ರಶ್ನೆ ನನ್ನನ್ನು ಕಾಡುತ್ತಿರುವುದಕ್ಕೆ ಕಾರಣವಿದೆ. 1985ರಲ್ಲಿ ಕೋಸ್ಟರಿಕಾ ಎದುರು ಡ್ರಾ ಮಾಡಿಕೊಂಡಿದ್ದರೂ ಅಮೆರಿಕ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಮುಂದೆ ಹೋಗುತ್ತಿತ್ತು. 0-1ರಿಂದ ಸೋತಿತು. 1994ರಲ್ಲಿ ಪನಗುಲಿಯಾಸ್ ಗ್ರೀಸ್ ತಂಡವನ್ನು ಅದರ ಮೊದಲ ವಿಶ್ವಕಪ್ಪಿಗೆ ಕರೆದುಕೊಂಡು ಹೋದರು. ನಡೆದದ್ದು ಅದೇ ಅಮೆರಿಕದಲ್ಲಿ! ಮೂರೂ ಪಂದ್ಯ ಸೋಲು. ಬಿಟ್ಟುಕೊಟ್ಟ ಗೋಲು 10, ಹೊಡೆದದ್ದು ಒಂದೂ ಇಲ್ಲ. ಇಷ್ಟು ಬರೆದು ಪಕ್ಕದಲ್ಲೇ ‘ಏಳು ಕೆರೆ ನೀರು’ ಅಂದರೆ ಚುಚ್ಚಿದ ಹಾಗಾಗುತ್ತದೇನೋ. ತಂಡವನ್ನು ಅಲ್ಲಿಯವರೆಗೆ ತಂದದ್ದೂ ಅವರೇ ತಾನೆ?

‘ಅಲೆಮಾರಿ’ ಬೇಡ. ಎರಡು ದೇಶದವರು ತಾವಾಗಿಯೇ ಮತ್ತೆ ಕರೆಸಿಕೊಂಡವರನ್ನು ಹಾಗನ್ನುವುದು ಸರಿಯಲ್ಲ. ‘ದೇಶ ಸುತ್ತಿದವರು’ ಅಂದರೆ ಸುಮ್ನೆ ಪ್ರವಾಸ ಹೋಗಿಬಂದಂತೆ ಕೇಳಿಸುತ್ತದೆ.

ಉತ್ತರ ಕರ್ನಾಟಕ, ಕರಾವಳಿ ಕಡೆಯವರು ದಯವಿಟ್ಟು ಹೇಳಿ. ಗೌರವ ಇರುವ ಹಿರಿಯರೊಬ್ಬರ ಬಗ್ಗೆ, ಅವರ ಎದುರಿಗೇ, ನೀವು ಈ ಮಾತು ಆಡುತ್ತೀರಾ? ಇಲ್ಲವಾದರೆ ಏನನ್ನುತ್ತೀರಿ?