‘ದಿ ಹಾರ್ಡರ್ ದೇ ಕಮ್’ಗೆ ಕನ್ನಡ ಸಬ್‌ಟೈಟಲ್: ಮಾತು ಹಿಂದೆ ಬೀಳುತ್ತಿದೆ

ಪ್ರಶ್ನೆ: ಬಸವನಗುಡಿಯ ಚಿಕ್ಕ ಹಾಲ್‌ನಲ್ಲಿ 1972ರ ಈ ಜಮೈಕನ್ ಸಿನಿಮಾ ತೋರಿಸಬೇಕು. ಕನ್ನಡ ಸಬ್‌ಟೈಟಲ್ ಆರಂಭದಲ್ಲಿ ಸರಿಯಿದ್ದು, ಕೊನೆಗೆ ನಾಲ್ಕು ನಿಮಿಷ ತಡವಾಗುತ್ತದೆ. ಹಾಡುಗಳೂ ಒಂಚೂರು ಮೇಲಿನ ಶ್ರುತಿಯಲ್ಲಿ ಕೇಳಿಸುತ್ತವೆ. ಏನು ಮಾಡಲಿ?

ಉತ್ತರ 1: ಎರಡಕ್ಕೂ ಕಾರಣ ಒಂದೇ ಸರ್. ನಿಮ್ಮ ಸಿನಿಮಾ ಫೈಲ್ ಸೆಕೆಂಡಿಗೆ 25 ಫ್ರೇಮ್‌ (ಚಿತ್ರ) ಓಡುವಂಥದ್ದು, ಸಬ್‌ಟೈಟಲ್ ಮಾತ್ರ 23.976ಕ್ಕೆ ಹೊಂದಿಸಿದ್ದು. ವೇಗ ಶೇ. 4ರಷ್ಟು ಹೆಚ್ಚಿದಾಗ ಶ್ರುತಿ ಸುಮಾರು 0.7 ಅರ್ಧಸ್ವರ ಏರುತ್ತದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಜಿ, ಎಚ್ ಕೀ ಒತ್ತಿದರೆ ಇಡೀ ಸಬ್‌ಟೈಟಲ್ ಒಂದೇ ಅಳತೆಯಲ್ಲಿ ಜರುಗುತ್ತದೆ ಅಷ್ಟೇ, ಬೆಳೆಯುವ ಅಂತರ ಹೋಗದು. ‘ಸಬ್‌ಟೈಟಲ್ ಎಡಿಟ್’ ಎಂಬ ತಂತ್ರಾಂಶದಲ್ಲಿ ಫ್ರೇಮ್ ರೇಟ್ 23.976ರಿಂದ 25ಕ್ಕೆ ಬದಲಿಸಿ, ಯುಟಿಎಫ್-8ನಲ್ಲಿ ಉಳಿಸಿ. ಇಲ್ಲದಿದ್ದರೆ ಕನ್ನಡ ಅಕ್ಷರ ಕೆಡುತ್ತದೆ. ಆದರೆ ಶ್ರುತಿ ಇದರಿಂದ ಇಳಿಯುವುದಿಲ್ಲ. ನಾಯಕನಟ, ಗಾಯಕ ಜಿಮ್ಮಿ ಕ್ಲಿಫ್ ದನಿ ತೆಳುವಾಗುವುದು ನಿಜಕ್ಕೂ ನಷ್ಟ. ಸೆಕೆಂಡಿಗೆ 24 ಫ್ರೇಮ್‌ನ ಸಿನಿಮಾ ಪ್ರತಿ ಸಿಕ್ಕರೆ ಅದನ್ನೇ ತೋರಿಸಿ.

ಉತ್ತರ 2: ಧ್ವನಿಯ ಕಡೆಯೂ ನೋಡಿ. ಮೂಲ ಮೋನೊ, ಹಾಗಾಗಿ ‘ಸರೌಂಡ್’ ಆಫ್ ಮಾಡಿ; ಇಲ್ಲದಿದ್ದರೆ ಮಾತು ಗುಹೆಯಿಂದ ಬಂದಂತಾಗುತ್ತದೆ. ಸಬ್‌ವೂಫರ್ (ಬಾಸ್ ಸ್ಪೀಕರ್) ಕ್ರಾಸ್‌ಓವರ್, ಅಂದರೆ ಅದಕ್ಕೆ ಹೋಗುವ ಧ್ವನಿಯ ಮೇಲ್ಮಿತಿ, 80 ಹರ್ಟ್ಸ್‌ಗೆ ಇಟ್ಟು, ಪೆಟ್ಟಿಗೆಯನ್ನು ಮೂಲೆಯಿಂದ ಈಚೆಗೆ ಎಳೆಯಿರಿ. ಮೂಲೆಯಲ್ಲಿ ಬಾಸ್ ಗುಂಯ್‌ಗುಟ್ಟಿ, ಜಮೈಕದ ರೆಗ್ಗೆ ಸಂಗೀತದ ಜೀವಾಳವಾದ ಎರಡನೇ, ನಾಲ್ಕನೇ ತಾಳದ ಗಿಟಾರ್ ಮುಚ್ಚಿಹೋಗುತ್ತದೆ.

ಉತ್ತರ 3: ಪಾತ್ವಾ (ಜಮೈಕದ ಆಡುಭಾಷೆ) ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತರಬೇಡಿ. ಹಳ್ಳಿಯಿಂದ ರಾಜಧಾನಿ ಕಿಂಗ್‌ಸ್ಟನ್‌ಗೆ ಬಂದ ಕಥಾನಾಯಕ ಐವನ್‌ಗೆ ತನ್ನ ಹಾಡಿಗೆ ಸಿಗುವುದು ಬರೀ 20 ಡಾಲರ್; ಆ ಸಿಟ್ಟಿಗೆ ಬೀದಿ ಮಾತೇ ಬೇಕು. ಒಂದು ಸಾಲಿಗೆ 35 ಅಕ್ಷರ ಮೀರದಿರಲಿ.