ಹೈಡ್‌ನಲ್ಲಿ ಕೂರೋಕೆ ಸ್ಟೂಲು: ಮೊದಲು ಕಿಂಡಿಯ ಎತ್ತರ ಕೇಳಿ

ಅಕ್ಕ, ನಮಸ್ಕಾರ. ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ರಲ್ಲ, ಅಪ್ಪನಿಗೆ 64, ಮಂಡಿ ನೋವಿದೆ, ಮುಂದಿನ ತಿಂಗಳು ಉತ್ತರ ಕನ್ನಡದ ಗಣೇಶಗುಡಿಗೆ ಹೋಗ್ತಿದ್ದಾರೆ, ಹೈಡ್ ಒಳಗೆ, ಅಂದ್ರೆ ಹಕ್ಕಿಗೆ ಕಾಣದ ಹಾಗೆ ಅವಿತು ಕಿಂಡಿಯಿಂದ ನೋಡೋ ಮರೆಯಲ್ಲಿ, ಮೂರ್ನಾಲ್ಕು ಗಂಟೆ ಕೂತು ಹಕ್ಕಿ ಫೋಟೋ ತೆಗೀಬೇಕು, ಈ ಒರಗೋ ಬೆನ್ನಿರೋ ಮಡಚೋ ಕುರ್ಚಿ ತಗೊಳ್ಲಾ ಅಂತ. ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗತ್ತೆ, ಅದಕ್ಕೇ ಮಾತಲ್ಲೇ ಹೇಳ್ತಿದ್ದೀನಿ. ಉದ್ದ ಇದೆ, ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ನಿಂತಾಗ ಕೇಳಿ, ಆರಾಮಾಗಿ ಮುಗಿಯತ್ತೆ.

ಮೊದಲ ಮಾತು, ಆ ಕುರ್ಚಿ ಬೇಡ. ನೀವು ಫೋಟೋ ಕಳಿಸಿರೋದು ಕ್ಯಾಂಪಿಂಗ್ ಕುರ್ಚಿ, ಸಣ್ಣ ಪೈಪುಗಳ ಮೇಲೆ ಬಟ್ಟೆ ಜೋಲಿ ಕಟ್ಟಿರ್ತಾರಲ್ಲ, ಅದು. ಹೆಲಿನಾಕ್ಸ್ ಕಂಪನಿ ಕುರ್ಚಿ ಥರದ್ದು, ಅದನ್ನ ನೋಡ್ಕೊಂಡು ಮಾಡಿರೋ ಅಗ್ಗದವೂ ಬೇಕಾದಷ್ಟಿವೆ. ಹಗುರ, ಒಂದು ಕೇಜಿ ಆಸುಪಾಸು, ಕೆರೆ ದಂಡೇಲಿ ಕೂತು ಕಾಫಿ ಕುಡಿಯೋಕೆ ಅದಕ್ಕಿಂತ ಸುಖ ಇಲ್ಲ. ಆದ್ರೆ ಕೂರೋ ಜಾಗ ನೆಲದಿಂದ 35 ಸೆಂಟಿಮೀಟರೋ ಇನ್ನೂ ಕಮ್ಮಿನೋ ಇರತ್ತೆ, ಭಾರ ಬಿದ್ಮೇಲೆ ಬಟ್ಟೆ ಇನ್ನೊಂದಿಷ್ಟು ಜಗ್ಗತ್ತೆ. ಮಂಡಿ ಸೊಂಟಕ್ಕಿಂತ ಮೇಲೆ ಹೋಗತ್ತೆ. ಹಾಗೆ ಕೂತಾಗ ಸೊಂಟದ ಮೂಳೆ ಹಿಂದಕ್ಕೆ ವಾಲಿ ಕೆಳಬೆನ್ನು ಗೂನಾಗತ್ತೆ, ಅರ್ಧ ಗಂಟೇಲಿ ನೋವು ಶುರು. ಇನ್ನೊಂದು ತೊಂದ್ರೆ, ಒರಗಿ ಕೂತಾಗ ಕಣ್ಣು ವ್ಯೂಫೈಂಡರ್‌ನಿಂದ, ಅಂದ್ರೆ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡೋ ಕಿಟಕಿಯಿಂದ, ಒಂದು ಗೇಣು ಹಿಂದೆ ಇರತ್ತೆ. ಪ್ರತಿ ಸಲ ಹಕ್ಕಿ ಬಂದಾಗ ಮೈಯೆಲ್ಲ ಮುಂದಕ್ಕೆ ತರ್ಬೇಕು. ಹೈಡ್‌ನಲ್ಲಿ ಹಕ್ಕಿ ಹಾರಿಸೋದು ಆ ಅಲುಗಾಟವೇ. ಏಳೋದಂತೂ ಬಿಡಿ, ಮಂಡಿ ನೋವಿರೋರು ಆ ಜೋಲಿಯಿಂದ ಎದ್ದು ನಿಲ್ಲೋಕೆ ಪಕ್ಕದೋರ ಟ್ರೈಪಾಡ್ ಹಿಡ್ಕೊಳ್ತಾರೆ.

ಎಲ್ಲರೂ ಮೆತ್ತಗಿದ್ಯಾ, ಹಗುರ ಇದ್ಯಾ ಅಂತ ನೋಡ್ತಾರೆ. ನೋಡ್ಬೇಕಿರೋದು ಎತ್ತರ. ಹೈಡ್‌ನ ಕಿಂಡಿ ಒಂದು ಎತ್ತರದಲ್ಲಿ ಫಿಕ್ಸ್ ಆಗಿರತ್ತೆ, ಲೆನ್ಸ್ ಅಲ್ಲೇ ಇರ್ಬೇಕು, ಕಣ್ಣು ಲೆನ್ಸ್ ಹಿಂದೇನೇ ಇರ್ಬೇಕು. ಹೊಂದ್ಕೊಳ್ಳೋಕೆ ಉಳಿಯೋದು ಸೀಟೊಂದೇ. ಸೀಟು 6 ಸೆಂಟಿಮೀಟರ್ ತಗ್ಗಾದ್ರೆ ಕತ್ತು ಮೇಲೆತ್ತಿ ಕೂರ್ತೀರಿ, 6 ಸೆಂಟಿಮೀಟರ್ ಎತ್ತರ ಆದ್ರೆ ಬೆನ್ನು ಬಗ್ಗಿಸಿ ಕೂರ್ತೀರಿ. ಎಷ್ಟು ಮೆತ್ತನೆ ದಿಂಬು ಹಾಕಿದ್ರೂ ಅದು ಸರಿ ಹೋಗಲ್ಲ.

ಲೆಕ್ಕ ಸುಲಭ. ಅಪ್ಪನ್ನ ಊಟದ ಕುರ್ಚಿ ಮೇಲೆ ಕೂರಿಸಿ, ಕುರ್ಚಿ ಹಲಗೆಯಿಂದ ಕಣ್ಣಿನ ತನಕ ಟೇಪಲ್ಲಿ ಅಳೀರಿ. ದೊಡ್ಡೋರಿಗೆ ಸಾಮಾನ್ಯವಾಗಿ 70ರಿಂದ 80 ಸೆಂಟಿಮೀಟರ್ ಬರತ್ತೆ. ನೆಟ್ಟಗೆ ಕೂತಾಗಿನ ಅಳತೆ ಅದು, ಕ್ಯಾಮೆರಾಗೆ ಕಣ್ಣಿಟ್ಟಾಗ ಮೈ ಸ್ವಲ್ಪ ಮುಂದಕ್ಕೆ ಬಾಗತ್ತೆ, ಅದಕ್ಕೆ 5 ಕಳೀರಿ. ಈಗ ಹೈಡ್‌ನ ಕಿಂಡಿಯ ಮಧ್ಯಭಾಗ ಒಳಗಿನ ನೆಲದಿಂದ ಎಷ್ಟು ಎತ್ತರ ಇದೆ ಅಂತ ತಿಳ್ಕೊಳ್ಳಿ. ಅದಕ್ಕೆ 5 ಸೇರಿಸಿ, ಯಾಕಂದ್ರೆ ವ್ಯೂಫೈಂಡರ್ ಲೆನ್ಸ್‌ನ ನಡುಗೆರೆಗಿಂತ ಅಷ್ಟು ಮೇಲಿರತ್ತೆ. ಇದರಲ್ಲಿ ಕಣ್ಣಿನ ಅಳತೆ ಕಳೆದ್ರೆ ಸೀಟಿನ ಎತ್ತರ. ಉದಾಹರಣೆಗೆ ಕಿಂಡಿ 105, ಅದಕ್ಕೆ 5 ಸೇರಿಸಿ 110. ಅಪ್ಪನ ಕಣ್ಣು 72, 5 ಕಳೆದ್ರೆ 67. ನೂರಹತ್ತರಲ್ಲಿ ಅರವತ್ತೇಳು ಹೋದ್ರೆ 43. ಅವರಿಗೆ ಬೇಕಿರೋದು 43 ಸೆಂಟಿಮೀಟರ್ ಸೀಟು.

ಇದರ ಜೊತೆ ಇನ್ನೊಂದು ಅಳತೆ ಇಟ್ಕೊಳ್ಳಿ, ಶೂ ಹಾಕ್ಕೊಂಡು ನೆಲದಿಂದ ಮಂಡಿಯ ಹಿಂಭಾಗದ ಮಡಿಕೆ ತನಕ. ಸೀಟು ಅದಕ್ಕೆ ಸಮ ಇದ್ರೆ ಅಥವಾ ಮೂರ್ನಾಲ್ಕು ಸೆಂಟಿಮೀಟರ್ ಮೇಲಿದ್ರೆ ಬೆನ್ನಿಗೂ ಒಳ್ಳೇದು, ಏಳೋಕೂ ಸಲೀಸು. ಲೆಕ್ಕದಲ್ಲಿ ಬಂದ ಎತ್ತರ ಅದಕ್ಕಿಂತ ತುಂಬ ಜಾಸ್ತಿ ಆದ್ರೆ ಕಾಲು ನೇತಾಡತ್ತೆ, ತೊಡೆ ಹಿಂಭಾಗ ಒತ್ತಿ ಜೋಮು ಹಿಡಿಯತ್ತೆ; ಕಾಲ್ಕೆಳಗೆ ಒಂದು ಮಣೆನೋ ಇಟ್ಟಿಗೆನೋ ಇಟ್ಕೊಂಡ್ರೆ ಆಯ್ತು. ತುಂಬ ಕಮ್ಮಿ ಬಂದ್ರೆ, ಅಂದ್ರೆ ನೆಲಮಟ್ಟದ ಹೈಡ್ ಆದ್ರೆ, ಅಪ್ಪ ಕೆಳಗೆ ಕೂರೋ ಸಾಹಸ ಮಾಡೋದು ಬೇಡ. ಸೀಟು ಮಂಡಿ ಎತ್ತರಕ್ಕೇ ಇಟ್ಕೊಂಡು, ಕ್ಯಾಮೆರಾದ ಹಿಂದಿನ ಸ್ಕ್ರೀನ್ ಮೇಲಕ್ಕೆ ತಿರುಗಿಸಿ ಅದರಲ್ಲೇ ನೋಡ್ಕೊಂಡು ತೆಗೀಲಿ.

ಹಾಗಾಗಿ ಅಂಗಡಿಗೆ ಹೋಗೋ ಮುಂಚೆ ಗಣೇಶಗುಡಿಗೆ ಒಂದು ಫೋನ್ ಮಾಡಿ. ಉಳ್ಕೊಳ್ಳೋದು ಜಂಗಲ್ ಲಾಡ್ಜಸ್‌ನ ಓಲ್ಡ್ ಮ್ಯಾಗಜೀನ್ ಹೌಸ್ ರೆಸಾರ್ಟಲ್ಲಿ ತಾನೆ? ಹಕ್ಕಿಗಳು ನೀರಿಗಿಳಿಯೋ ತೊಟ್ಟಿಗಳಿಗೇ ಹೆಸರಾದ ಜಾಗ ಅದು. ಕೂರೋಕೆ ಏನಾದ್ರೂ ಇದ್ಯಾ, ನೆಲ ಮಣ್ಣೋ ಸಿಮೆಂಟೋ, ಕಿಂಡಿ ಎಷ್ಟು ಎತ್ತರ ಅಂತ ಕೇಳಿ. ಕಿಂಡಿ ಎತ್ತರ ಸೆಂಟಿಮೀಟರಲ್ಲಿ ಹೇಳೋಕೆ ಅವರಿಗೆ ಗೊತ್ತಾಗದಿದ್ರೆ, ಅಲ್ಲಿರೋ ಒಬ್ಬರು ಪಕ್ಕದಲ್ಲಿ ನಿಂತ್ರೆ ಸೊಂಟಕ್ಕೆ ಬರತ್ತಾ ಎದೆಗೆ ಬರತ್ತಾ ಅಂತ ಕೇಳಿ, ಅಂದಾಜು ಸಿಗತ್ತೆ. ಅಲ್ಲೇ ಸರಿಯಾದ ಕುರ್ಚಿ ಇದ್ರೆ ಒಂದು ದಿಂಬು ತಗೊಂಡು ಹೋದ್ರೆ ಸಾಕು, ನಿಮ್ಮ ಬಜೆಟ್ಟಿನ 3000 ರೂಪಾಯಿ ಉಳೀತು.

ಕೊಳ್ಳೋ ಮುಂಚೆ ಮನೇಲೇ ಒಂದು ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಕುರ್ಚಿ 42ರಿಂದ 45 ಇರತ್ತೆ, ಬಚ್ಚಲುಮನೆ ಸ್ಟೂಲು 25–30. ಮೇಲೆ ಮಡಚಿದ ಕಂಬಳಿ ಹಾಕ್ತಾ ಹೋಗಿ, ಬೇಕಾದ ಎತ್ತರ ಬರಿಸಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಬಾಲ್ಕನಿ ಕಡೆ ತಿರುಗಿಸಿ, ಅಪ್ಪ ಒಂದು ಮುಕ್ಕಾಲು ಗಂಟೆ ಹಾಗೇ ಕೂರಲಿ, ಬೆನ್ನಿಗೆ ಒರಗದೆ. ಎಲ್ಲಿ ನೋಯತ್ತೆ ಅಂತ ಕೇಳಿ. ಕತ್ತು ಅಂದ್ರೆ ಸೀಟು ತಗ್ಗು. ಭುಜದ ನಡುವೆ ಅಂದ್ರೆ ಎತ್ತರ, ಇಲ್ಲಾಂದ್ರೆ ಟ್ರೈಪಾಡ್ ದೂರ ಇದೆ. ಪೃಷ್ಠದ ಮೂಳೆ ಅಂದ್ರೆ ಮಾತ್ರ ದಿಂಬಿನ ವಿಷಯ.

ಈಗ ಸ್ಟೂಲಿನ ಜಾತಿಗಳು. ಉಬ್ಬುತಗ್ಗಿನ ಕಾಡು ನೆಲಕ್ಕೆ ಮೂರು ಕಾಲಿನದ್ದೇ ಸರಿ, ಮೂರು ಕಾಲು ಎಂಥ ನೆಲದಲ್ಲೂ ಊರ್ಕೊಳ್ಳತ್ತೆ. ನಾಲ್ಕು ಕಾಲಿನ ಕತ್ತರಿ ಸ್ಟೂಲು ಸಿಮೆಂಟ್ ಮೇಲೆ ಚೆನ್ನಾಗಿರತ್ತೆ, ಮಣ್ಣಲ್ಲಿ ಒಂದು ಕಾಲು ಯಾವಾಗ್ಲೂ ಗಾಳಿಯಲ್ಲಿ, ಮೇಲಾಗಿ ಅವು ಬಹಳಷ್ಟು ತಗ್ಗು. ಮೂರು ಕಾಲಿನವುಗಳಲ್ಲಿ ಸ್ವೀಡನ್‌ನ ವಾಕ್‌ಸ್ಟೂಲ್ ಚೆನ್ನಾಗಿದೆ, 45, 55, 65 ಸೆಂಟಿಮೀಟರ್ ಅಂತ ಬೇರೆ ಬೇರೆ ಎತ್ತರಕ್ಕೆ ಸಿಗತ್ತೆ, ಕಾಲು ಒಳಕ್ಕೆಳೆದು ತಗ್ಗಿನ ಸ್ಟೂಲಾಗಿಯೂ ಕೂರಬಹುದು. ಆದ್ರೆ ನಿಮ್ಮ ಬಜೆಟ್ ಮೀರತ್ತೆ. ಆನ್‌ಲೈನಲ್ಲೋ ಡೆಕಾತ್ಲಾನಲ್ಲೋ ಸಾದಾ ಮೂರು ಕಾಲಿನದ್ದು ಸಿಕ್ರೆ ಸಾಕು, ಎತ್ತರ ಹೊಂದಬೇಕು ಅಷ್ಟೇ.

ಇನ್ನು ಆ ಡಬ್ಬಿ ಥರ ಮಡಚೋ ಪ್ಲಾಸ್ಟಿಕ್ ಸ್ಟೂಲು, ಎಳೆದ್ರೆ ಉಂಗುರ ಉಂಗುರವಾಗಿ ಉದ್ದ ಆಗೋದು, ಎಲ್ಲರ ರೀಲ್ಸಲ್ಲೂ ಬರತ್ತಲ್ಲ. ಎತ್ತರ ಹೇಗೆ ಬೇಕಾದ್ರೂ ಮಾಡ್ಬಹುದು, ನಿಜ. ಆದ್ರೆ ಪ್ರತಿ ಉಂಗುರಕ್ಕೂ ಟಕ್ ಅಂತ ಸದ್ದು, ಕೂತು ಅಲ್ಲಾಡಿದ್ರೆ ಕಿರಕಿರ. ಮರಳು ಕಣ ಸಂದಿಗೆ ಹೋದ್ರೆ ಲಾಕು ಅರ್ಧಂಬರ್ಧ ಕೂತು, ಭಾರ ಬಿದ್ದಾಗ ಒಂದು ಕಡೆ ಕುಸಿಯತ್ತೆ. ಲಾಲ್‌ಬಾಗಲ್ಲಿ ಟಾರು ದಾರಿ ಮೇಲೆ ಕೂರೋಕೆ ಇರಲಿ, ಹೈಡ್‌ಗೆ ಬೇಡ.

ಅಂಗಡೀಲಿ ಮೂರು ಕಾಲಿನ ಸ್ಟೂಲು ಕೈಗೆ ಬಂದಾಗ ಬಿಚ್ಚಿ ತಲೆಕೆಳಗಾಗಿ ಹಿಡೀರಿ. ಮೂರು ಪೈಪೂ ನಡುವೆ ಒಂದು ಕಡೆ ಕೂಡ್ಕೊಳ್ಳತ್ತೆ, ಅಲ್ಲಿರೋ ಬೋಲ್ಟು ಕಬ್ಬಿಣದ್ದಾ, ಸುತ್ತ ಇರೋ ಗಡ್ಡೆ ಪ್ಲಾಸ್ಟಿಕ್ಕಾ ಲೋಹನಾ ನೋಡಿ. ಒಂದು ಕಾಲು ಹಿಡಿದು ತಿರುಚಿ, ಲಟಲಟ ಅಂದ್ರೆ ವಾಪಸ್ ಇಡಿ. ಆಮೇಲೆ ಬಟ್ಟೆಯ ಮೂರು ಮೂಲೆ. ಪೈಪಿನ ತುದಿ ಹೋಗಿ ಕೂರೋ ಜೇಬು ಇರತ್ತಲ್ಲ, ಅದರೊಳಗೆ ಹೆಬ್ಬೆರಳು ಹಾಕಿ ಗಟ್ಟಿಯಾಗಿ ಒತ್ತಿ. ಒಂದೇ ಪದರದ ಬಟ್ಟೆ ಆಗಿದ್ರೆ ಬೆರಳಿಗೆ ಗೊತ್ತಾಗತ್ತೆ, ಹೊಲಿಗೆ ಸಂದೀಲಿ ಬೆಳಕು ಕಾಣತ್ತೆ. ಎರಡು ಪದರ ಇರ್ಬೇಕು, ಅಂಚಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಇರ್ಬೇಕು, ಪೈಪಿನ ತುದಿಗೆ ದುಂಡನೆ ಟೋಪಿ ಇರ್ಬೇಕು. ಈ ಸ್ಟೂಲುಗಳು ಕಾಲು ಮುರಿದು ಹಾಳಾಗೋದು ಕಮ್ಮಿ, ಪೈಪಿನ ಚೂಪು ಅಂಚು ಮೂಲೆ ಬಟ್ಟೇನ ಒಳಗಿಂದ ಕೊರೆದು ಹರಿಯೋದೇ ಹೆಚ್ಚು. ಅಪ್ಪನ ತೂಕ 75 ಅಂದ್ರೆ 100 ಕೇಜಿ ಅಂತ ಬರೆದಿರೋದನ್ನ ನಂಬಿ ತರ್ಬೇಡಿ, 120 ಇರಲಿ. ಧೊಪ್ ಅಂತ ಕೂತಾಗ ಬೀಳೋ ಭಾರ ತೂಕಕ್ಕಿಂತ ಎಷ್ಟೋ ಜಾಸ್ತಿ.

ಕೂರೋ ಕ್ರಮಾನೂ ಇದೆ. ಒಂದು ಕಾಲು ಮುಂದೆ, ಎರಡು ತೊಡೆಗಳ ನಡುವೆ, ಉಳಿದೆರಡು ಹಿಂದೆ. ಮುಂದಕ್ಕೆ ವಾಲಿದ್ರೆ ನಮ್ಮ ಪಾದ ತಡೆಯತ್ತೆ, ಹಿಂದಕ್ಕೆ ವಾಲಿದ್ರೆ ತಡೆಯೋಕೆ ಸ್ಟೂಲಿನ ಕಾಲು ಬಿಟ್ರೆ ಏನೂ ಇಲ್ಲ. ಟ್ರೈಪಾಡಿನ ಒಂದು ಕಾಲು ಕಿಂಡಿ ಕಡೆ, ಎರಡು ಕಾಲು ಅಪ್ಪನ ಎಡಬಲಕ್ಕೆ ಬರೋ ಹಾಗೆ ಇಟ್ರೆ ಮಂಡಿಗೆ ಜಾಗ ಸಿಗತ್ತೆ. ಕೈ ಇರೋ ಕುರ್ಚಿ ಬೇಡ ಅನ್ನೋದೂ ಇದಕ್ಕೇ, ಲೆನ್ಸ್ ತಿರುಗಿಸುವಾಗ ಮೊಣಕೈ ಬಡಿಯತ್ತೆ.

ಕಾಲು ಹೂತು ಹೋಗೋ ಸಮಸ್ಯೆ. ಎರಡು ಸೆಂಟಿಮೀಟರ್ ಪೈಪಿನ ಮೇಲೆ 25 ಕೇಜಿ ಬಿದ್ರೆ, ಚದರ ಸೆಂಟಿಮೀಟರಿಗೆ ಸುಮಾರು 8 ಕೇಜಿ ಒತ್ತಡ. ಹಸಿ ಮಣ್ಣು ತಡೆಯಲ್ಲ. ಒಂದು ಕಾಲು ಹೂತ್ರೆ ಸ್ಟೂಲು ಓರೆ, ಸೊಂಟ ಓರೆ, ಒಂದೇ ಪಕ್ಕ ನೋವು. ಹತ್ತು ಸೆಂಟಿಮೀಟರ್ ಅಗಲದ ಪ್ಲೈವುಡ್ ಬಿಲ್ಲೆ ಮೂರು ಮಾಡಿಸಿ ಕಾಲ್ಕೆಳಗೆ ಇಟ್ರೆ ಅದೇ ಒತ್ತಡ 0.3 ಕೇಜಿಗೆ ಇಳಿಯತ್ತೆ. ಬಿಲ್ಲೆ ನಡುವೆ ಪೈಪು ಕೂರೋಷ್ಟು ಅಗಲದ ಸಣ್ಣ ಗುಳಿ ಕೊರೆಸಿ, ಜಾರಲ್ಲ. ಸಿಮೆಂಟ್ ನೆಲ ಆದ್ರೆ ಬಿಲ್ಲೆ ಬೇಡ, ಮೆಡಿಕಲ್ ಶಾಪಲ್ಲಿ ವಾಕರ್‌ಗೆ ಹಾಕೋ ರಬ್ಬರ್ ಬುಷ್ ಸಿಗತ್ತೆ, ಪೈಪಿನ ಹೊರ ಅಳತೆ ತಗೊಂಡು ಹೋಗಿ ತನ್ನಿ, ಸದ್ದೂ ಹೋಗತ್ತೆ.

ದಿಂಬು ಜೆ.ಸಿ. ರೋಡಲ್ಲಿ ಕಾರ್ ಸೀಟ್ ಕವರ್ ಹೊಲಿಯೋರ ಹತ್ರ ಮಾಡಿಸಿ. 40 ಡೆನ್ಸಿಟಿ ಫೋಮು, 4 ಸೆಂಟಿಮೀಟರ್ ದಪ್ಪ ಸಾಕು. ತುಂಬ ಮೆತ್ತನೇದು ಅರ್ಧ ಗಂಟೇಲಿ ಚಪ್ಪಟೆಯಾಗಿ ಮೂಳೆ ಕೆಳಗೆ ತಾಗತ್ತೆ. ಮೇಲೆ ರೆಕ್ಸಿನ್ ಬೇಡ, ಬೆವರು ಕೂತು ಅಂಟತ್ತೆ. ದಪ್ಪ ಕಾಟನ್ ಹಾಕಿಸಿ. ಮುಂದಿನ ಅಂಚು ದುಂಡಗಿರಲಿ. ಮರೀಬೇಡಿ, ಭಾರ ಬಿದ್ಮೇಲೂ ಈ ದಿಂಬು ಎರಡು ಮೂರು ಸೆಂಟಿಮೀಟರ್ ಎತ್ತರ ಕೊಡತ್ತೆ, 43 ಬೇಕಂದ್ರೆ 40ರ ಸ್ಟೂಲು ನೋಡಿ.

ಬೆನ್ನಿಗೆ ಆಸರೆ ಬೇಕೇ ಬೇಕು ಅಂದ್ರೆ ಸ್ಟೂಲನ್ನ ಹೈಡ್‌ನ ಕಂಬದ ಹತ್ರ ಹಾಕ್ಕೊಂಡು, ಹಕ್ಕಿ ಇಲ್ಲದಾಗ ಒರಗಲಿ. ನಿಮ್ಮ ತಮ್ಮನೂ ಹೋಗ್ತಿದ್ದಾನಲ್ಲ, ಅವನಿಗೆ ನೆಲದ ಮೇಲೇ ಕೂರೋಕೆ ಇನ್ನೊಂದು ಉಪಾಯ. ಮೇಲುಕೋಟೆ ಯೋಗನರಸಿಂಹನ ಮಂಡಿ ಸುತ್ತ ಯೋಗಪಟ್ಟ ಇರತ್ತಲ್ಲ, ಅದೇ. ಮೂರು ಮೀಟರ್ ಗಟ್ಟಿ ಪಂಚೆ ಸಾಕು, ಕೆಳಬೆನ್ನಿಂದ ತಂದು ಎರಡು ಮಂಡಿ ಸುತ್ತ ಬಿಗಿದು ಗಂಟು ಹಾಕೋದು. ಬೆನ್ನು ತಾನಾಗೇ ನೆಟ್ಟಗಿರತ್ತೆ. ಮಂಡಿ ಮೇಲೆ ಎಳೆತ ಬೀಳೋದ್ರಿಂದ ಅಪ್ಪನಿಗೆ ಮಾತ್ರ ಇದು ಬೇಡ.

ಆದ್ರೆ ನೆಲದಲ್ಲಿ ಕೂರೋದಾದ್ರೆ ಉಣುಗಿನ ಮೇಲೆ ನಿಗಾ ಇರಲಿ. ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ ಮೊದಲು ಗುರುತಿಸಿದ್ದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ. ಉತ್ತರ ಕನ್ನಡದಲ್ಲೂ ಬಂದಿದೆ, ಚಳಿಗಾಲದಿಂದ ಬೇಸಿಗೆ ತನಕ ಹೆಚ್ಚು. ಒಣ ತರಗೆಲೆ ಮೇಲೆ ಸೀದಾ ಕೂರ್ಬೇಡಿ, ಪ್ಯಾಂಟ್ ಕಾಲುಚೀಲದೊಳಗೆ ಸೇರಿಸಿ, ಸ್ಟೂಲು ದಿಂಬು ಎರಡನ್ನೂ ಹೊರಗೇ ಕೊಡವಿ ರೂಮಿಗೆ ತನ್ನಿ. ಮೈಗೆ ಡೀಟ್ ಅನ್ನೋ ಹುಳು ಓಡಿಸೋ ರಾಸಾಯನಿಕ ಇರೋ ಕ್ರೀಮು ಹಚ್ಚಿದ್ರೆ ಕೈ ಒರೆಸ್ಕೊಂಡೇ ಕ್ಯಾಮೆರಾ ಮುಟ್ಟಲಿ, ಡೀಟ್ ಪ್ಲಾಸ್ಟಿಕ್ ತಿನ್ನತ್ತೆ.

ಸದ್ದಿನ ವಿಷಯ ಇನ್ನೆರಡೇ ಮಾತು. ಸ್ಟೂಲನ್ನ ಹೈಡ್ ಹೊರಗೇ ಬಿಚ್ಚಿ ಒಳಗೆ ಒಯ್ಯಲಿ, ವೆಲ್ಕ್ರೋ ಪಟ್ಟಿ ಇದ್ರೆ ಕಿತ್ತು ದಾರ ಕಟ್ಟಿ. ಕೀಲು ಕಿರುಗುಟ್ಟಿದ್ರೆ ಮೇಣದ ಬತ್ತಿ ಉಜ್ಜಿ. ಎಣ್ಣೆ ಸ್ಪ್ರೇ ಮಾಡಿದ್ರೆ ಧೂಳು ಹಿಡಿದು ಎರಡೇ ದಿನಕ್ಕೆ ಮತ್ತೆ ಕಿರ್ರ್ ಅನ್ನತ್ತೆ. ಕೂತ್ಮೇಲೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದೊಂದೇ ಪಕ್ಕಕ್ಕೆ ನಿಧಾನಕ್ಕೆ ಭಾರ ಬದಲಾಯಿಸಲಿ, ನೀರಿನ ತೊಟ್ಟೀಲಿ ಹಕ್ಕಿ ಇಲ್ಲದ ಹೊತ್ತು ನೋಡ್ಕೊಂಡು.

ಸರಿ ಅಕ್ಕ, ಕಣ್ಣಿನ ಅಳತೆ, ಮಂಡಿ ಅಳತೆ, ಗಣೇಶಗುಡಿಯೋರು ಹೇಳೋ ಕಿಂಡಿ ಎತ್ತರ, ಮೂರೂ ಇವತ್ತು ರಾತ್ರಿ ಇಲ್ಲೇ ಹಾಕಿ. ಆನ್‌ಲೈನಲ್ಲಿ ನೋಡಿದ ಸ್ಟೂಲಿನ ಲಿಂಕೂ ಹಾಕಿ, ಮೂಲೆ ಹೊಲಿಗೆ ಕಾಣೋ ಫೋಟೋ ಇದ್ರೆ ಒಳ್ಳೇದು. ವಾಪಸ್ ತಗೊಳ್ಳೋ ಅಂಗಡಿ ಆದ್ರೆ ಮಾತ್ರ ಆರ್ಡರ್ ಮಾಡಿ, ಜಾಹೀರಾತಲ್ಲಿ ಬರೆಯೋ ಎತ್ತರ ಭಾರ ಬೀಳೋ ಮುಂಚಿನದ್ದು, ಬಂದ ದಿನವೇ ಅಪ್ಪನ್ನ ಕೂರಿಸಿ ಟೇಪು ಹಿಡೀಬೇಕಾಗತ್ತೆ.